ಪಂಪಿನ ಹೊಟ್ಟೆಯ ತೊಗಲು

ಸಂಕದಾಳದ ಪಂಪು ಒಂದು ವರ್ಷ ಪೂರ್ತಿ ಮಡಿಯಲ್ಲಿತ್ತು. ತಾನು ಮಡಿಯಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ, ಪಾಪ. ಅದು ಕಬ್ಬಿಣದ್ದು. ಒತ್ತಿದರೆ ನೀರು ಕೊಡುತ್ತಿತ್ತು. ಬಿಟ್ಟರೆ ಸುಮ್ಮನಿರುತ್ತಿತ್ತು. ಒತ್ತಿದವರ ಅಪ್ಪನ ಹೆಸರು, ಅಜ್ಜನ ಕುಲ ಕೇಳುತ್ತಿರಲಿಲ್ಲ. ಆ ಕೆಲಸಕ್ಕೆ ಊರಲ್ಲಿ ಬೇರೆ ಮಂದಿ ಇದ್ದರು.

ಇಂಗ್ಲಿಷರ ಕಾಲ ಅದು. ಧಾರವಾಡದಿಂದ ಗರಗಕ್ಕೆ ಹೋಗುವಾಗ ಎಡಕ್ಕೆ ಹೊರಳಿದರೆ ಈ ಸಂಕದಾಳ ಸಿಗುತ್ತಿತ್ತು. ಊರಿಗೆ ಒಂದೇ ಸಿಹಿನೀರಿನ ಬಾವಿ. ಆ ನೀರಿನಿಂದ ಮಂದಿಯ ಕಾಲಿಗೆ ನಾರುಹುಣ್ಣು ಏಳುತ್ತದೆ, ಬಾವಿಯ ಬಾಯಿ ಮುಚ್ಚಿ ಪಂಪು ಹಾಕಿಸಬೇಕು ಎಂದು ಧಾರವಾಡದಲ್ಲಿ ಯಾರೋ ಸಾಹೇಬರು ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಶಿದ್ದಪ್ಪಗೌಡರು ಕೂತಿದ್ದರು. ಅವರಿಗೆ ಹುಣ್ಣಿನ ಮಾತು ಕೇಳಿಸಲಿಲ್ಲ, ರಾವಸಾಹೇಬ ಎಂಬ ಪದವಿ ಕೇಳಿಸಿತು. ಸ್ವಂತ ಖರ್ಚಿನಲ್ಲಿ ಪಂಪು ಹಾಕಿಸಿದ ಗೌಡನಿಗೆ ಸರಕಾರ ಅಷ್ಟಾದರೂ ಮಾಡಬೇಡವೇ? ಹದಿನೈದು ದಿನದಲ್ಲಿ ಹುಬ್ಬಳ್ಳಿಯಿಂದ ಚಕ್ಕಡಿಯ ಮೇಲೆ ಪಂಪು ಬಂತು. ಬಾವಿಯ ಬಾಯಿಗೆ ದೊಡ್ಡ ಚಪ್ಪಡಿ ಎಳೆದು ಗಚ್ಚು ಹಾಕಿ ಮುಚ್ಚಿದರು. ನಟ್ಟನಡುವೆ ಪಂಪು ನಿಂತಿತು.

ಯಜ್ಞೇಶ್ವರ ಭಟ್ಟರು ಅದಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದರು. ಜನಿವಾರವನ್ನೂ ಹಾಕಿದರು ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳಿರಬಹುದು, ಹೂವಿನ ದಾರ ಇದ್ದೀತು.

"ಬಾವ್ಯಾಗ ಹಗ್ಗಾ ಇಳೀತಿತ್ತು, ಕೊಡಾ ಇಳೀತಿತ್ತು, ಯಾರ್ಯಾರದೋ ಕೈ ಹತ್ತತಿತ್ತು. ಇದರಾಗ ಬರೇ ಲೋಹ ಅದ. ಲೋಹಕ್ಕ ಮೈಲಿಗಿ ಇಲ್ಲ. ಇಂಥಾ ಶುದ್ಧ ನೀರು ಕಾಶ್ಯಾಗೂ ಸಿಗೂದಿಲ್ಲ" ಎಂದು ಭಟ್ಟರು ಸಾರಿದರು.

ಇಂಥ ಶುದ್ಧ ನೀರಿನಿಂದ ಏಳು ಮಾರು ದೂರ ಒಂದು ಗೆರೆ ಎಳೆದು ಕಲ್ಲು ನೆಟ್ಟರು. ಕೆಳಗಿನ ಓಣಿಯ ಸಮಗಾರರು ಆ ಗೆರೆಯ ಹಿಂದೆ ಕೊಡ ಇಟ್ಟು ನಿಲ್ಲಬೇಕು. ಮೇಲಿನವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಒತ್ತಿ, ತಂದು, ಮೇಲಿಂದ ಸುರುವಬೇಕು.

ಯಾರಿಗೆ ಮನಸ್ಸು ಬಂದೀತು? ಹಗ್ಗ ಸೇದುವಾಗ ಒಂದು ಕೊಡ ಹೆಚ್ಚಿಗೆ ಸೇದಿ ಹಾಕುವವರು ಮೊದಲು ಇಬ್ಬರು ಮೂವರು ಇದ್ದರು. ಪಂಪು ಬಂದ ಮೇಲೆ ಎಲ್ಲರೂ ನಾಜೂಕಾದರು. ಮೂವತ್ತು ಸಲ ಒತ್ತಿದರೆ ಒಂದು ಕೊಡ. ತಮ್ಮದು ತುಂಬುವಷ್ಟರಲ್ಲಿ ತೋಳು ನೋಯುತ್ತಿತ್ತು. ಇನ್ನೊಬ್ಬರ ಕೊಡಕ್ಕೆ ಯಾರು ಒತ್ತುತ್ತಾರೆ?

ದುರಗವ್ವ ಆ ಗೆರೆಯ ಹಿಂದೆ ನಿಂತ ದಿನಗಳನ್ನು ಲೆಕ್ಕ ಇಟ್ಟಿರಲಿಲ್ಲ. ಸೊಂಟಕ್ಕೆ ಗೊತ್ತಿತ್ತು. ಗಂಡ ಗಂಗಪ್ಪ ಸತ್ತು ಆರು ವರ್ಷ. ಅವನ ರಂಪಿ, ಅವನ ಅರಿ, ಅವನ ಮುದಿ ತಾಯಿ ಸಾವಕ್ಕ, ಮೂರನ್ನೂ ಅವಳೇ ಸಂಭಾಳಿಸುತ್ತಿದ್ದಳು. ರಂಪಿ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಉಳಿ. ಅರಿ ತೂತು ಹಾಕುವುದಕ್ಕೆ. ಸಾವಕ್ಕ ಬೈಯುವುದಕ್ಕೆ. ಊರಿನ ಜೋಡು, ಬಾರುಕೋಲು, ನೊಗದ ಮಿಣಿ, ಬಾವಿಯಿಂದ ನೀರೆತ್ತುವ ತೊಗಲ ಮೊಟ್ಟೆಯ ಹೊಲಿಗೆ ಎಲ್ಲ ಆ ಒಂದೇ ಮನೆಯಿಂದ. ಗೌಡರ ಕಾಲಲ್ಲಿ ಕಿರ್ ಕಿರ್ ಎನ್ನುತ್ತಿದ್ದ ಜೋಡೂ ಅವಳದೇ. ಅದನ್ನು ಹಾಕಿಕೊಂಡು ಗೌಡರು ಪಂಪಿನ ತನಕ ಹೋಗುತ್ತಿದ್ದರು. ಜೋಡಿಗೆ ಗೆರೆ ಇರಲಿಲ್ಲ.

ಒಂದು ದಿನ ಮುಂಜಾನೆಯಿಂದ ಮಧ್ಯಾಹ್ನದ ತನಕ ನಿಂತಳು. ಕೊನೆಗೆ ಗೌಡರ ಮನೆಯ ಸೊಸೆ ಕೈಕಾಲು ತೊಳೆದ ನೀರನ್ನೇ ತಾಮ್ರದ ತಂಬಿಗೆಯಲ್ಲಿ ತಂದು ಅವಳ ಕೊಡಕ್ಕೆ ಸುರುವಿ ಹೋದಳು. ದುರಗವ್ವ ನೋಡಿದಳು. ಮನೆಯಲ್ಲಿ ಅತ್ತೆಗೆ ಜ್ವರ. ಆ ನೀರನ್ನು ಹೊತ್ತುಕೊಂಡು ಹೋದಳು, ಕಾಸಿದಳು, ಕುಡಿಸಿದಳು. ಅವತ್ತಿನಿಂದ ಅವಳಿಗೆ ಒಂದೇ ಹಟ. ಆ ಹಿಡಿಕೆಯನ್ನು ಒಂದು ದಿನ ನನ್ನ ಕೈಯಿಂದ ಒತ್ತಬೇಕು. ನನ್ನ ಕೊಡ ನಾನೇ ತುಂಬಬೇಕು. ಮೋಕ್ಷ ಗೀಕ್ಷ ಆಮೇಲೆ ನೋಡೋಣ.

ಬೇಸಿಗೆ ಏರಿದ್ದಾಗ ಪಂಪು ಕೆಟ್ಟಿತು. ಹಿಡಿಕೆ ಕೆಳಗೆ ಬಂದರೆ ಸುಯ್ ಎಂದಿತು, ಮೇಲೆ ಹೋದರೆ ಗೊರ್ ಎಂದಿತು. ನೀರಿಲ್ಲ. ಗೆರೆಯ ಹಿಂದೆ ನಿಂತ ದುರಗವ್ವನಿಗೆ ಆ ಸಪ್ಪಳ ಕೇಳುತ್ತಲೇ ತಿಳಿಯಿತು. ಇದು ಕಬ್ಬಿಣದ ಸಪ್ಪಳವಲ್ಲ, ಹರಿದ ತೊಗಲಿನದು. ಬಾಯಿ ಬಿಡಲಿಲ್ಲ. ಕೇಳಿದವರು ಯಾರು?

ಭಟ್ಟರು ಪಂಪಿಗೆ ಮತ್ತೆ ಐದು ಕಾಯಿ ಒಡೆದರು. ಪಂಪು ಕಾಯಿ ತಿನ್ನಲಿಲ್ಲ, ಭಟ್ಟರು ತಿಂದರು. ಗೌಡರಿಗೆ ಮಾತ್ರ ನಿದ್ದೆ ಹಾರಿತು. ಯಾಕೆಂದರೆ ಬರುವ ಗುರುವಾರ ತಾಲೂಕಿನ ಮಾಮಲೇದಾರ ಸಾಹೇಬರು ಪಂಪು ನೋಡುವುದಕ್ಕೇ ಬರುವವರಿದ್ದರು. ಇವತ್ತು ಸೋಮವಾರ. ಕೂಡಲೇ ತಮ್ಮ ಆಳು ಹುಚ್ಚಪ್ಪನನ್ನು ಹುಬ್ಬಳ್ಳಿಗೆ ಓಡಿಸಿದರು. ಅವನು ದುರ್ಗದಬೈಲಿನಲ್ಲಿ ಸ್ಟೋವು, ಹೊಲಿಗೆ ಮಷೀನು, ಮೋಟಾರು ಎಲ್ಲ ರಿಪೇರಿ ಮಾಡುವ ಗುಲಾಬಸಾಬನನ್ನು ಹಿಡಿದು ತಂದ.

ಗುಲಾಬಸಾಬ ಪಾನಾ ತೆಗೆದು ಎರಡು ಬೋಲ್ಟು ಸಡಿಲು ಮಾಡಿದ. ಮುಚ್ಚಳ ಎತ್ತಿ ಉದ್ದನ್ನ ಸಳಿ ಹೊರಗೆ ಎಳೆದ. ಅದರ ತುದಿಯಲ್ಲಿ ಕರ್ರಗಿನ ಒಂದು ಬಟ್ಟಲು ಜೋತಾಡುತ್ತಿತ್ತು. ಹರಿದಿತ್ತು.

"ಗೌಡ್ರ, ಬ್ಯಾನಿ ಸಿಕ್ಕಿತ್ರಿ. ತೊಗಲು ಹರದೈತಿ."

"ಯಾರ ತೊಗಲು?" ಎಂದರು ಗೌಡರು.

"ಎಮ್ಮೀದೋ ಎತ್ತಿಂದೋ, ಅದಕ್ಕ ಕೇಳಬೇಕ್ರಿ. ಈಗ ಅದು ಹೇಳೂದಿಲ್ಲ. ಇದು ವಾಸರ್. ಎಲ್ಲಾ ಪಂಪಿನ್ಯಾಗೂ ಇರತೈತಿ. ಇದಿಲ್ಲಂದ್ರ ನೀರು ಮ್ಯಾಲ ಬರೂದಿಲ್ರಿ."

ಎಲ್ಲರೂ ಕೂಡಿ ಉಗುಳಿದರು. ಒಂದು ವರ್ಷ ಕುಡಿದದ್ದನ್ನು ಒಂದು ಸಲಕ್ಕೆ ಉಗುಳುವುದು ಹೇಗೆ ಸಾಧ್ಯ, ಆದರೂ ಪ್ರಯತ್ನ ಮಾಡಿದರು. ಭಟ್ಟರು ಪಂಪಿನ ಕಟ್ಟೆಯ ಮೇಲೆ ಕುಸಿದರು.

"ಅಂದ್ರ ನಾವು ವರ್ಷಪೂರ್ತಿ ತೊಗಲಿನ ಒಳಗಿಂದ…"

"ಒಳಗಿಂದ ಅಲ್ರಿ ಭಟ್ರ, ಮ್ಯಾಲಿಂದ" ಎಂದು ಗುಲಾಬಸಾಬ ಸಮಾಧಾನ ಹೇಳಿದ.

ಗೆರೆಯ ಹಿಂದಿನಿಂದ ಸಾವಕ್ಕನ ದನಿ ಎದ್ದಿತು. "ಯವ್ವಾ! ನಮ್ಮನ್ನ ಏಳು ಮಾರು ದೂರ ನಿಲ್ಸಿ, ಎಮ್ಮೀ ತೊಗಲಾ ಒಳಗ ಕುಂದರಿಸ್ಯಾರಲ್ಲ! ನಮಗಿಂತ ಸತ್ತ ಎಮ್ಮಿ ಮ್ಯಾಲು ಆತಲ್ಲ!"

ಸಮಗಾರರು ನಕ್ಕರು. ವರ್ಷದಲ್ಲಿ ಆ ಗೆರೆಯ ಹಿಂದೆ ನಗು ಕೇಳಿಸಿದ್ದು ಅದೇ ಮೊದಲು.

ಭಟ್ಟರು ಬಹಳ ಹೊತ್ತು ಕಣ್ಣು ಮುಚ್ಚಿದರು. ತೆರೆದಾಗ ಶಾಸ್ತ್ರ ಸಿಕ್ಕಿತ್ತು. "ಈ ತೊಗಲು ವಿಲಾಯತಿಯದು. ಸಮುದ್ರ ದಾಟಿ ಬಂದದ. ಮನುಷ್ಯಾ ಸಮುದ್ರ ದಾಟಿದ್ರ ಮನುಷ್ಯಾನ ಜಾತಿ ಹೋಗತದ. ತೊಗಲು ದಾಟಿದ್ರ ತೊಗಲಿನ ಜಾತಿ ಹೋಗತದ. ಆದಕಾರಣ ಇದು ತೊಗಲೇ ಅಲ್ಲ."

ಊರು ನಿಟ್ಟುಸಿರು ಬಿಟ್ಟಿತು. ಹೊಟ್ಟೆಗಳೆಲ್ಲ ಶುದ್ಧವಾದವು.

"ಹಂಗಾರ ಇನ್ನೊಂದು ವಿಲಾಯತಿದು ಹಾಕು" ಎಂದರು ಗೌಡರು.

"ಮುಂಬೈಯಿಂದ ತರಸಬೇಕ್ರಿ. ಒಂದು ತಿಂಗಳು. ಲಗೂ ಬೇಕಂದ್ರ ಇಲ್ಲೇ ನಿಮ್ಮೂರ ಸಮಗಾರ ಬಾಯಿ ಒಂದು ತಾಸಿನ್ಯಾಗ ಕೊಯ್ದು ಕೊಡತಾಳ."

"ಆಕಿ ತೊಗಲು ಸಮುದ್ರ ದಾಟಿಲ್ಲ" ಎಂದರು ಭಟ್ಟರು.

ಅದು ಖರೇ. ಅವಳ ತೊಗಲು ಹಳ್ಳ ಕೂಡ ದಾಟಿರಲಿಲ್ಲ.

ಹೀಗಾಗಿ ಮಂಗಳವಾರ ಇಡೀ ದಿನ ತೊಗಲಲ್ಲದ ವಸ್ತು ಹುಡುಕುವುದರಲ್ಲಿ ಹೋಯಿತು. ಹರಕು ಧೋತರ ಸುತ್ತಿದರು. ಪಂಪು ಅದನ್ನು ನುಂಗಿ ನೂಲು ಉಗುಳಿತು. ತೆಂಗಿನ ನಾರು ತುರುಕಿದರು. ಬಾಳೆ ದಿಂಡು ಕೊಯ್ದು ಹಾಕಿದರು. ಪಂಪಿನಿಂದ ಪಲ್ಯೆ ಬಂತು. ಊರಿನವರು ಎರಡು ಮೈಲಿ ದೂರದ ಗೌಡರ ಹೊಲದ ಬಾವಿಯಿಂದ ಚಕ್ಕಡಿಯಲ್ಲಿ ಪಿಪಾಯಿ ಹೇರಿ ನೀರು ತಂದರು. ಅರ್ಧ ದಾರಿಯಲ್ಲೇ ಚೆಲ್ಲಿತು. ಸಮಗಾರರ ಓಣಿ ಹಳ್ಳದ ಉಸುಕಿನಲ್ಲಿ ವರತೆ ತೋಡಿ, ಚಿಪ್ಪಿನಿಂದ ಮೊಗೆದು ಮೊಗೆದು, ರಾಡಿ ನೀರನ್ನು ಕುಡಿಯಿತು. ಅದು ಅವರಿಗೆ ಹೊಸದಲ್ಲ.

ಬುಧವಾರ ಮುಂಜಾನೆ ಭಟ್ಟರು ಎದ್ದು ಬಂದರು. ಬಗಲಲ್ಲಿ ಅವರು ಜಪಕ್ಕೆ ಕೂಡುವ ಜಿಂಕೆ ಚರ್ಮ ಇತ್ತು. ಕಣ್ಣಲ್ಲಿ ನೀರಿತ್ತು.

"ತೊಗಲು ಬೇರೆ, ಕೃಷ್ಣಾಜಿನ ಬೇರೆ. ಇದು ಋಷಿಗಳ ಆಸನ. ಊರಿನ ಸಲುವಾಗಿ ಕೊಡ್ಲಿಕ್ಕೆ ಹತ್ತೇನಿ. ಕೊಯ್ಯೋ ಗುಲಾಬಸಾಬ. ಹಿಂದಿನ ಕಡಿಂದ ಕೊಯ್ಯಿ, ಮುಂದಿನ ಕಡೆ ನಾ ಕೂಡ್ತೇನಿ."

ಗುಲಾಬಸಾಬ ಅದನ್ನು ಹಿಂಡಿ ನೋಡಿದ, ಮೂಸಿ ನೋಡಿದ. "ಭಟ್ರ, ಇದು ಹದಾ ಮಾಡಿದ್ದಲ್ರಿ. ಕೂಡಾಕ ಛಲೋ ಐತಿ. ನೀರಾಗ ನಿಲ್ಲೂದಿಲ್ಲ."

"ನಿನಗ ಶಾಸ್ತ್ರ ಗೊತ್ತದೇನು?"

"ಇಲ್ರಿ. ವಾಸರ್ ಗೊತ್ತೈತಿ."

ಆದರೂ ಹಾಕಿದ. ಹುಚ್ಚಪ್ಪ ಒತ್ತಿದ. ಪಂಪು ಕೆಮ್ಮಿತು. ಸಣ್ಣ ಧಾರೆ ಬಂತು. ಊರು ಜಯಘೋಷ ಮಾಡಿತು. ಮೊದಲ ತಂಬಿಗೆ ಗೌಡರಿಗೆ. ಗೌಡರು ಎತ್ತಿ ಗಟಗಟ ಕುಡಿದರು. ನಿಂತರು. ಬಾಯಲ್ಲಿ ಬೆರಳು ಹಾಕಿ ಕಂದು ಬಣ್ಣದ ಒಂದು ಕೂದಲು ಎಳೆದರು. ಇನ್ನೊಂದು ಎಳೆದರು. ಆಮೇಲೆ ಒಂದು ಗೊಂಚಲೇ ಬಂತು.

"ನುಂಗ್ರಿ ಗೌಡ್ರ, ಪವಿತ್ರ ಅದ" ಎಂದರು ಭಟ್ಟರು.

ಅಷ್ಟರಲ್ಲಿ ಒಳಗಿನ ಕೃಷ್ಣಾಜಿನ ನೀರು ಕುಡಿದು ಉಬ್ಬಿತು. ಹಿಡಿಕೆ ಮೇಲೆ ಹೋದದ್ದು ಮೇಲೇ ನಿಂತಿತು. ಹುಚ್ಚಪ್ಪ ಎಳೆದ. ಜೋತುಬಿದ್ದ. ಎರಡೂ ಕಾಲು ನೆಲ ಬಿಟ್ಟು ಅವನು ಪಂಪಿಗೆ ತೂಗಾಡುತ್ತಿದ್ದ. ಜಪ್ಪಯ್ಯ ಅಂದರೂ ಪಂಪು ಜಗ್ಗಲಿಲ್ಲ. ಋಷಿಗಳ ಹಟ ಅಂದರೆ ಅದು.

ಮಧ್ಯಾಹ್ನದ ಹೊತ್ತಿಗೆ ಶಿದ್ದಪ್ಪಗೌಡರು ಕೆಳಗಿನ ಓಣಿಯ ತುದಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತರು. ಅದರಿಂದ ಮುಂದೆ ಬರುವಂತಿಲ್ಲ, ಅವರದೇ ಕಟ್ಟಳೆ. ದುರಗವ್ವನ ಗುಡಿಸಲು ಐವತ್ತು ಹೆಜ್ಜೆ ಆಚೆ. ಹಾಗಾಗಿ ಗೌಡರು ಒದರಬೇಕಾಯಿತು. ಗುಟ್ಟಾಗಿ ಕೇಳಿಕೊಳ್ಳಲು ಬಂದದ್ದನ್ನು ಇಡೀ ಊರು ಕೇಳಿತು.

"ದುರಗವ್ವಾ! ಪಂಪಿಗೆ ಒಂದು ವಾಸರ್ ಮಾಡಿಕೊಡವಾ!"

ದುರಗವ್ವ ತೊಗಲು ಹೆರೆಯುತ್ತಿದ್ದಳು. ಮೊಣಕೈ ತನಕ ಸುಣ್ಣ, ಬೆರಳ ಸಂದಿಯಲ್ಲಿ ಹಳೆಯ ಬಿರುಕು. ಎದ್ದು ನಿಂತಳು.

"ಮಾಡತೇನ್ರಿ. ಆದರ ಮುಂದ ಪಂಪ ನಾವೂ ಒತ್ತೇವಿ. ನಮ್ಮ ಕೈಲೆ, ನಮ್ಮ ಕೊಡಕ್ಕ."

ಗೌಡರ ಮೀಸೆ ನಡುಗಿತು. "ಒಂದು ಚೀಲ ಜ್ವಾಳಾ ಕಳಸತೇನಿ."

"ಅದನ್ನ ರೊಟ್ಟಿ ಮಾಡಾಕ ನೀರು ಬೇಕ್ರಿ."

"ನಿನಗೊಂದು, ನಿಮ್ಮತ್ತಿಗೊಂದು ಇಳಕಲ್ ಸೀರಿ."

"ಒಗ್ಯಾಕ ನೀರು ಬೇಕ್ರಿ."

"ಎರಡೆರಡು ಸೀರಿ ಕೊಡ್ರಿ!" ಎಂದು ಒಳಗಿನಿಂದ ಸಾವಕ್ಕ ಒದರಿದಳು. ದುರಗವ್ವ ಹಿಂದೆ ತಿರುಗಿ ನೋಡಿದಳು.

"ಅಲ್ಲಬೇ, ನಿಮ್ಮ ಕೊಡಾ ತುಂಬಿಸಾಕ ಒಂದು ಆಳ ಇಡತೇನಿ! ಹುಚ್ಚಪ್ಪನ್ನ ದಿನಾ ನಿಲ್ಲಸತೇನಿ! ಬೇಕಾದಷ್ಟು ಒತ್ತಿ ಹಾಕತಾನ. ಇನ್ನೇನು ಬೇಕು ನಿನಗ?"

ಬೇವಿನ ಗಿಡದ ಹಿಂದೆ ನಿಂತಿದ್ದ ಹುಚ್ಚಪ್ಪನ ಮುಖ ಕಪ್ಪಿಟ್ಟಿತು. ಅವನ ತೋಳು ಇನ್ನೂ ನೋಯುತ್ತಿತ್ತು.

"ನನ್ನ ಕೈಗೆ ಏನಾಗೇತ್ರಿ ಗೌಡ್ರ?" ಎಂದಳು ದುರಗವ್ವ. ಎರಡೂ ಕೈ ಮೇಲೆತ್ತಿದಳು. "ಈ ಕೈ ಮಾಡಿದ್ದು ನಿಮ್ಮ ಕಾಲಾಗ ಐತಿ. ನಿಮ್ಮ ಎತ್ತಿನ ಕೊಳ್ಳಾಗ ಐತಿ. ನಾಳೆ ನಿಮ್ಮ ನೀರಾಗ ಇರತೈತಿ. ಕೈಯೊಂದ ಬ್ಯಾಡೇನ್ರಿ? ನಾ ಮಾಡೂದಿಲ್ಲ."

ಕೂತಳು. ಮತ್ತೆ ಹೆರೆಯತೊಡಗಿದಳು. ಗೌಡನ ಮುಖಕ್ಕೆ ಇಲ್ಲ ಎಂದ ಹೆಂಗಸು ಆ ಓಣಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಹೆದರಿಕೆ ಆಗಿತ್ತು. ಜೊತೆಗೆ ಭಾಳ ಹಗುರವೂ ಆಗಿತ್ತು.

ಗೌಡರು ಧಾರವಾಡದ ಸಮಗಾರರನ್ನು ಕರೆಸುತ್ತೇನೆ ಎಂದರು. ಧಾರವಾಡದ ಸಮಗಾರರೆಲ್ಲ ನಮ್ಮ ಬೀಗರು, ಕರೆಸಿ, ನಾನೂ ಅವರನ್ನು ನೋಡದೆ ಬಹಳ ದಿನ ಆಯಿತು ಎಂದು ಸಾವಕ್ಕ ಒಳಗಿನಿಂದಲೇ ಹೇಳಿದಳು. ಸೂರ್ಯ ಇಳಿಯುತ್ತಿತ್ತು. ನಾಳೆ ಗುರುವಾರ. ಗೌಡರು ಬೇವಿನ ಗಿಡಕ್ಕೆ ಒಂದು ಒದೆ ಕೊಟ್ಟರು.

"ಆತು! ಒತ್ರಿ! ಎಲ್ಲಾರೂ ಒತ್ರಿ!"

ದುರಗವ್ವ ಎಮ್ಮೆಯ ಬೆನ್ನಿನ ತೊಗಲು ತೆಗೆದಳು, ಹೊಟ್ಟೆಯದು ಬೇಗ ಹಿಗ್ಗುತ್ತದೆ. ಗುಲಾಬಸಾಬ ಕೊಟ್ಟ ಹರಕು ವಾಸರಿನ ಅಳತೆಗೆ ದುಂಡಗೆ ಕೊಯ್ದಳು. ನೀರಲ್ಲಿ ನೆನೆಸಿದಳು. ಮೆತ್ತಗಾದ ಮೇಲೆ ದಪ್ಪ ತೆಂಗಿನ ಚಿಪ್ಪಿನ ಬಾಯಿಗೆ ಹಾಸಿ, ಒನಕೆಯ ತುದಿಯಿಂದ ಸಾವಕಾಶ ಒಳಗೆ ಒತ್ತಿದಳು. ಚಪ್ಪಟೆ ತೊಗಲು ಬಟ್ಟಲಾಯಿತು. ಅಂಚನ್ನು ರಂಪಿಯಿಂದ ಸಮ ಮಾಡಿದಳು. ಔಡಲೆಣ್ಣೆ ಸವರಿ ಬೆಂಕಿಯಿಂದ ದೂರ ಇಟ್ಟು ಕಾಸಿದಳು, ಮತ್ತೆ ಸವರಿದಳು. ಗುಲಾಬಸಾಬ ಅದನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಅಕ್ಕಾ, ಹುಬ್ಬಳ್ಳಿಗೆ ಬಂದುಬಿಡು, ನನ್ನ ದುಕಾನದಾಗ ಕೂಡ್ಸತೇನಿ" ಎಂದ.

ಗುರುವಾರ ಮುಂಜಾನೆ ವಾಸರ್ ಕೂತಿತು. ಬಟ್ಟಲಿನ ಬಾಯಿ ಮೇಲೆ ಬರುವಂತೆ ಅವಳೇ ಕೂಡಿಸಿದಳು. ಆದರೂ ಪಂಪು ಗಾಳಿ ನುಂಗಿತು. ಒಣಗಿದ ಪಂಪಿಗೆ ಮೊದಲು ಒಂದು ಕೊಡ ನೀರು ಕುಡಿಸಬೇಕು, ಆಮೇಲೆ ಅದು ಕೊಡುತ್ತದೆ ಎಂದ ಗುಲಾಬಸಾಬ. ಮೇಲಿನ ಓಣಿಯಲ್ಲಿ ಹನಿ ನೀರಿರಲಿಲ್ಲ. ಪಿಪಾಯಿ ಖಾಲಿ. ನೀರಿದ್ದದ್ದು ದುರಗವ್ವನ ಕೊಡದಲ್ಲಿ, ಹಳ್ಳದ ವರತೆಯದು.

ಎಲ್ಲರೂ ಭಟ್ಟರ ಮುಖ ನೋಡಿದರು. ಭಟ್ಟರು ಆಕಾಶ ನೋಡಿದರು. "ಏನೋ ಒಂದು ಹಕ್ಕಿ ಹಾರ್ಲಿಕ್ಕೆ ಹತ್ತದ, ಗರುಡ ಇರಬೇಕು" ಎಂದರು. ಊರೆಲ್ಲ ತಲೆ ಎತ್ತಿ ಹಕ್ಕಿ ಹುಡುಕಿತು. ಹಕ್ಕಿ ಇರಲಿಲ್ಲ. ಆ ಹೊತ್ತಿನಲ್ಲಿ ದುರಗವ್ವ ತನ್ನ ಕೊಡ ಬಗ್ಗಿಸಿದಳು. ಹಿಡಿಕೆ ಹಿಡಿದಳು. ಒತ್ತಿದಳು. ಹತ್ತನೆಯ ಸಲಕ್ಕೆ ಕೈಗೆ ಭಾರ ಹತ್ತಿತು. ನೀರು ಬಂತು. ತಣ್ಣಗಿತ್ತು. ಅವಳ ಕೊಡ ತುಂಬಿತು. ಅವಳು ಅತ್ತಳು, ಯಾರೂ ನೋಡಲಿಲ್ಲ, ಎಲ್ಲರ ತಲೆ ಇನ್ನೂ ಮೇಲೇ ಇತ್ತು.

ಹೋಗುವಾಗ ಗುಲಾಬಸಾಬ ತನ್ನ ಪಾನಾ ಒಂದನ್ನು ದುರಗವ್ವನ ಮುಂದೆ ಇಟ್ಟ. "ಬೋಲ್ಟು ಸಡ್ಲ ಆಗತಾವ. ತಿಂಗಳಿಗೊಮ್ಮೆ ಬಿಗಿ ಮಾಡಕ್ಕ. ವಾಸರ್ ಮಾಡಿದವರ ನೋಡಕೋಬೇಕು."

ಮಾಮಲೇದಾರರು ಬಂದರು. ಸಮಗಾರರೂ ಒತ್ತುವುದನ್ನು ಕಂಡರು. ಗೌಡರ ಬೆನ್ನು ತಟ್ಟಿ, ಇಡೀ ತಾಲೂಕಿನಲ್ಲಿ ಇಂಥ ಸುಧಾರಣೆ ಮಾಡಿದ ಧೀರ ನೀವೊಬ್ಬರೇ ಎಂದರು. ಗೌಡರು ನಾಚಿ, "ನನಗ ಮದಲಿಂದ ಹಂಗ್ರಿ, ಭೇದ ಗೊತ್ತ ಇಲ್ಲ" ಎಂದರು. ಗೆರೆಯ ಕಲ್ಲುಗಳ ಮೇಲೆ ಅವತ್ತು ಹುಲ್ಲು ಹರವಿದ್ದರು.

ಶುಕ್ರವಾರ ದುರಗವ್ವ ಕೊಡ ತಂದಾಗ ಹುಲ್ಲು ಹೋಗಿತ್ತು. ಪಂಪಿನ ಮುಂದೆ ಹುಚ್ಚಪ್ಪ ಬಡಿಗೆ ಹಿಡಿದು ನಿಂತಿದ್ದ. ಮೇಲಿನ ಓಣಿಯ ಹೆಂಗಸರು ಕೊಡ ಹಿಡಿದು ಸಾಲು ನಿಂತಿದ್ದರು. ಕಟ್ಟೆಯ ಮೇಲೆ ಗೌಡರು ಎಲೆಅಡಿಕೆ ಹಾಕುತ್ತಿದ್ದರು.

"ಸಾಹೇಬ್ರು ಹ್ವಾದ್ರು. ಗೆರಿ ಹಿಂದ ನಡಿ" ಎಂದ ಹುಚ್ಚಪ್ಪ.

"ಗೌಡ್ರ, ಮಾತು ಕೊಟ್ಟಿದ್ರಿ."

"ಒತ್ರಿ ಅಂದಿದ್ನಿ, ಒತ್ತಿದ್ರಿ. ದಿನಾ ಒತ್ರಿ ಅಂದಿದ್ನೇನು?" ಎಂದು ಗೌಡರು ಉಗುಳಿದರು.

ದುರಗವ್ವ ಕೊಡ ಕೆಳಗಿಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮನೆಗೆ ಹೋದಳು. ಸೊಂಟದಲ್ಲಿ ರಂಪಿ ಇಟ್ಟುಕೊಂಡು, ಪಾನಾ ಹಿಡಿದು ತಿರುಗಿ ಬಂದಳು. ಗೆರೆ ದಾಟಿದಳು. ಅವಸರ ಮಾಡಲಿಲ್ಲ. ನೆಟ್ಟಗೆ ಪಂಪಿನ ಹತ್ತಿರ ಬಂದು ಮೊದಲ ಬೋಲ್ಟಿಗೆ ಪಾನಾ ಹಾಕಿದಳು.

"ಹಿಡಿಯೋ ಆಕೀನ!" ಎಂದು ಗೌಡರು ಎದ್ದರು.

ಹುಚ್ಚಪ್ಪ ಕೈ ಮುಂದೆ ಚಾಚಿದ. ಹಿಂದೆ ತೆಗೆದ. "ಹೆಂಗ ಹಿಡೀಲ್ರಿ? ಮುಟ್ಟಬೇಕಾಗತೈತಿ. ನಂದು ಇನ್ನೂ ನ್ಯಾರಿ ಆಗಿಲ್ರಿ, ಮುಟ್ಟಿದ್ರ ಜಳಕಾ ಮಾಡದ ಉಣ್ಣಂಗಿಲ್ಲ."

"ನೀವು ಹಿಡೀರಿ ಭಟ್ರ!"

"ನಾನು? ಸ್ನಾನ ಆಗೇದ್ರಿ ನಂದು!"

"ನೀವ ಹಿಡೀರಿ ಗೌಡ್ರ" ಎಂದು ಹೆಂಗಸರಲ್ಲಿ ಯಾರೋ ಅಂದರು. ಗೌಡರು ಎರಡು ಹೆಜ್ಜೆ ಮುಂದೆ ಬಂದರು, ಮೂರು ಹೆಜ್ಜೆ ಹಿಂದೆ ಹೋದರು. ಮುಟ್ಟಬಾರದು ಎಂಬ ಬೇಲಿಯನ್ನು ಅವರೇ ಕಟ್ಟಿದ್ದು. ಈಗ ಆ ಬೇಲಿಯ ಒಳಗೆ ದುರಗವ್ವ ಒಬ್ಬಳೇ ಇದ್ದಳು, ಪಂಪಿನ ಜೊತೆ. ಎರಡನೆಯ ಬೋಲ್ಟು ಬಂತು. ಸಳಿ ಬಂತು. ವಾಸರ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಳು.

"ಬಡಿಗಿ ಐತಲ್ಲೋ ಮಬ್ಬ! ಬಡಿ!"

ಹುಚ್ಚಪ್ಪ ಬಡಿಗೆ ಎತ್ತಿದ. ದುರಗವ್ವ ಸೊಂಟದಿಂದ ರಂಪಿ ತೆಗೆದು ವಾಸರಿನ ಅಂಚಿಗೆ ಇಟ್ಟಳು.

"ಬಡೀ ತಮ್ಮಾ. ನೀ ಒಂದು ಏಟು ಬಡಿ, ನಾ ಎರಡು ತುಂಡು ಮಾಡತೇನಿ. ನನಗ ಏಟು ಹೊಸಾದಲ್ಲ. ನಿಮಗ ನೀರಡಿಕಿ ಹೊಸಾದು."

ಬಡಿಗೆ ಮೇಲೆಯೇ ನಿಂತಿತು. ಹೆಂಗಸರು ಹುಚ್ಚಪ್ಪನ ಮೇಲೆ ಬಿದ್ದರು. "ಇಳಸೋ ಬಡಿಗಿ! ನಿಮ್ಮಪ್ಪ ಎರಡು ಮೈಲಿ ಹೋಗಿ ನೀರು ತರತಾನೇನು?" ಎಲ್ಲರಿಗಿಂತ ಮುಂದೆ ಭಟ್ಟರ ಹೆಂಡತಿ ಕಾಶೀಬಾಯಿ ಇದ್ದಳು. ನಿನ್ನೆ ಸಿಕ್ಕ ಒಂದು ಕೊಡ ಕುಡಿಯುವುದಕ್ಕೇ ಮುಗಿದಿತ್ತು, ನಾಲ್ಕು ದಿನದಿಂದ ಪಾತ್ರೆ ತೊಳೆಯದೆ ಅವಳ ಅಡುಗೆಮನೆ ನಾರುತ್ತಿತ್ತು. ಗಂಡನ ಕಡೆ ತಿರುಗಿ, "ಏನರೆ ಶಾಸ್ತ್ರ ತಗೀರಿ ಲಗೂನ! ದಿನಾ ತಗೀತೀರಲ್ಲ!" ಎಂದಳು.

ಭಟ್ಟರು ಕಣ್ಣು ಮುಚ್ಚಿದರು. ತೆರೆದರು. ಮುಖ ಬೆಳಗಿತು.

"ಗೌಡ್ರ, ನೆನಪಾತು. ಇವತ್ತು ನಸುಕಿನ್ಯಾಗ ನನ್ನ ಕನಸಿನ್ಯಾಗ ದ್ಯಾಮವ್ವ ಬಂದಿದ್ಲು. ಪಂಪಿನ ನೀರು ಎಲ್ಲಾ ನನ್ನ ಮಕ್ಕಳಿಗೆ ಬಿಡ್ರಿ ಅಂತ ಹೇಳಿದ್ಲು. ದೇವಿ ಆಜ್ಞಾ ಅಂದ ಮ್ಯಾಲೆ ದೋಷ ಎಲ್ಲಿಂದ ಬಂತು?"

ಗೌಡರ ಜೀವ ತಿರುಗಿ ಬಂತು. ಸೋತ ಹಾಗೂ ಆಗಲಿಲ್ಲ, ನೀರೂ ಬಂದೀತು. "ಹೌದ್ರಿ, ಹೌದ್ರಿ! ದ್ಯಾಮವ್ವ ಹೇಳಿದ ಮ್ಯಾಲ ಮುಗೀತು. ದುರಗವ್ವಾ, ಕೂಡಸು ವಾಸರ್. ನಿಮ್ಮವರೆಲ್ಲ ದಿನಾ ಒತ್ರಿ. ದ್ಯಾಮವ್ವ ಹೇಳ್ಯಾಳ."

ಗೆರೆಯ ಹಿಂದೆ ಸಾವಕ್ಕ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿದಳು. "ಆತಬೇ ದುರಗಿ, ಆತು. ಹೂಂ ಅನ್ನು. ನೀರು ಸಿಗತೈತಿ."

ದುರಗವ್ವ ಹೂಂ ಎನ್ನಲಿಲ್ಲ. ಅತ್ತೆಯ ಜ್ವರದ ದಿನವೂ ದ್ಯಾಮವ್ವ ಗುಡಿಯಲ್ಲೇ ಇದ್ದಳು. ಯಾರ ಕನಸಿಗೂ ಬಂದಿರಲಿಲ್ಲ. ಇವತ್ತು ಭಟ್ಟರಿಗೆ ಬಿದ್ದ ಕನಸು ನಾಳೆ ತಿರುಗಾ ಮುರುಗಾ ಬೀಳಬಹುದು. ಮತ್ತೆ, ಹೆದರಿ ಹೆದರಿ ಇಲ್ಲ ಎಂದವಳು ತಾನು. ಆ ಮಾತನ್ನು ಕಿತ್ತು ದೇವಿಯ ಬಾಯಲ್ಲಿ ಇಡುತ್ತಾರಲ್ಲ!

"ದ್ಯಾಮವ್ವ ಏನೂ ಹೇಳಿಲ್ರಿ" ಎಂದಳು. "ನಾ ಹೇಳೇನಿ."

"ಯಾರು ಹೇಳಿದ್ರ ಏನಬೇ, ನೀರು ಬಂದ್ರ ಆತು" ಎಂದರು ಭಟ್ಟರು.

"ಯಾರು ಹೇಳಿದ್ರ ಏನೂ ಇಲ್ಲಂದ್ರ, ನಾ ಹೇಳೇನಿ ಅಂತ ಅನ್ರಿ."

ರಂಪಿ ವಾಸರಿನ ಅಂಚಿನಲ್ಲೇ ಇತ್ತು. ಅಂಚು ಚೂರು ಕೊಯ್ದದ್ದು ಎಲ್ಲರಿಗೂ ಕಂಡಿತು. ಕಾಶೀಬಾಯಿ ಕೊಡವನ್ನು ಕಲ್ಲಿನ ಮೇಲೆ ಠಣ್ ಎಂದು ಕುಕ್ಕಿದಳು. "ಅನ್ರಿ ಗೌಡ್ರ! ಒಂದು ಮಾತು! ಮನ್ಯಾಗ ಅನ್ನಕ್ಕ ಇಡ್ಲಿಕ್ಕೆ ನೀರಿಲ್ಲ!"

ಗೌಡರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಂಟಲು ಕೆರೆದರು. ಕೃಷ್ಣಾಜಿನದ ಕೂದಲು ಇನ್ನೂ ಅಲ್ಲೇ ಎಲ್ಲೋ ಸಿಕ್ಕಿತ್ತೋ ಏನೋ, ಎರಡು ಸಲ ಕೆಮ್ಮಿದರು.

"ದುರಗವ್ವ ಹೇಳ್ಯಾಳ" ಎಂದು ಗೊಣಗಿದರು.

"ಹಿಂದ ನಿಂತಾವ್ರಿಗೆ ಕೇಳ್ಲಿಲ್ರಿ" ಎಂದಳು ಸಾವಕ್ಕ.

"ದುರಗವ್ವ ಹೇಳ್ಯಾಳ! ದಿನಾ ಒತ್ರಿ ಅಂತ ದುರಗವ್ವ ಹೇಳ್ಯಾಳ!" ಎಂದು ಶಿದ್ದಪ್ಪಗೌಡರು ಕೂಗಿದರು. ಊರ ಆಚೆಯ ಹೊಲದ ತನಕ ಕೇಳಿಸಿತು.

ದುರಗವ್ವ ರಂಪಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ವಾಸರ್ ಕೂಡಿಸಿದಳು, ಸಳಿ ಇಳಿಸಿದಳು, ಎರಡೂ ಬೋಲ್ಟು ಬಿಗಿದಳು. ಸಾವಕ್ಕ ಓಣಿಯಲ್ಲಿ ಉಳಿದಿದ್ದ ವರತೆಯ ನೀರನ್ನು ತರಿಸಿ, ಗೆರೆ ದಾಟಿ ಬಂದು ಪಂಪಿಗೆ ಸುರುವಿದಳು. ಈ ಸಲ ಯಾರೂ ಆಕಾಶ ನೋಡಲಿಲ್ಲ. ದುರಗವ್ವ ಮೂವತ್ತು ಸಲ ಒತ್ತಿದಳು, ಕೊಡ ತುಂಬಿತು. ತಲೆಯ ಮೇಲೆ ಹೊತ್ತು ಪಕ್ಕಕ್ಕೆ ಸರಿದಳು.

ಕಾಶೀಬಾಯಿ ಮುಂದೆ ಬಂದಳು. ಹಿಡಿಕೆಯ ಮೇಲೆ ದುರಗವ್ವನ ಅಂಗೈಯ ಒದ್ದೆ ಇನ್ನೂ ಆರಿರಲಿಲ್ಲ. ಕಾಶೀಬಾಯಿ ಒಂದು ಗಳಿಗೆ ಅದನ್ನು ನೋಡಿದಳು. ಒರೆಸಲಿಲ್ಲ. ಒತ್ತಿದಳು.